ಕಸ ಗುಡಿಸುವಾಗ ನಿಂತು ನೋಡಬೇಕಾದವರು

ಹಳೆಯ ದಾಖಲೆಗಳ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ವರ್ಷ ನೀವು ಎರಡು ಕಾಗದಗಳಿಗೆ ಸಹಿ ಹಾಕಿದ್ದೀರಿ. ಏಪ್ರಿಲ್ ಹದಿನಾರರ ಕಾಗದ ನನಗೆ ಬಂತು. ನನ್ನ ಮಗಳು ನಿಮ್ಮ ಕಚೇರಿಗೆ ಒಪ್ಪಿಸಿದ್ದ ಕಡತವು ‘ಸ್ವೀಕರಿಸುವಾಗಲೇ ಬರಹರಹಿತವಾಗಿತ್ತು’ ಎಂದು ಅದರಲ್ಲಿದೆ. ಮೇ ಎರಡರ ಕಾಗದ ನಿಮ್ಮಲ್ಲಿ ಕಸ ಗುಡಿಸುವ ದಿನಗೂಲಿ ಹೆಂಗಸು ಪಟಾಲಮ್ಮನ ಕೈ ಸೇರಿತು. ‘ಬೆಲೆಯುಳ್ಳ ದಾಖಲೆಯ ಬರಹವನ್ನು ಅಜಾಗರೂಕತೆಯಿಂದ ಅಳಿಸಿದ ಕಾರಣ’ ಆಕೆಯನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಅದರಲ್ಲಿದೆ. ಎರಡೂ ಕಾಗದ ಒಂದೇ ಬಟ್ಟೆಯ ವಿಷಯಕ್ಕೆ ಸೇರಿದವು. ಎರಡರ ಕೆಳಗಿರುವ ಸಹಿಯೂ ಒಂದೇ. ಇಲ್ಲದ ಬರಹವನ್ನು ಪಟಾಲಮ್ಮ ಹೇಗೆ ಅಳಿಸಿದಳು? ನಾನು ಇದನ್ನು ಮೂರು ಸಲ ಅಂಚೆಯಲ್ಲಿ ಕೇಳಿದೆ. ಉತ್ತರ ಬರಲಿಲ್ಲ. ಈಗ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ಜಗಳವಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಕೇಳದೆ ಇರುವುದಕ್ಕೂ ಆಗುತ್ತಿಲ್ಲ.

ನಾನು ಮಾಗಡಿ ರಸ್ತೆಯಲ್ಲಿ ಸೌದೆ, ಇದ್ದಿಲಿನ ಡಿಪೋ ಇಟ್ಟುಕೊಂಡವನು. ಓದಿದ್ದು ಮಿಡಲ್ ಸ್ಕೂಲಿನ ತನಕ. ಇದ್ದಿಲು ನಮ್ಮ ಮನೆತನದ ಕಸುಬು. ಇನ್ನೂರು ವರ್ಷದ ಹಿಂದೆ ನಮ್ಮ ಹಿರೀಕ ದೊಡ್ಡಹನುಮ ಮಾಗಡಿ ಕಡೆಯ ಕಾಡಿನಲ್ಲಿ ಇದ್ದಿಲು ಸುಟ್ಟು, ನಾಣ್ಯ ಅಚ್ಚು ಹಾಕುವ ಸರ್ಕಾರಿ ಟಂಕಸಾಲೆಗೆ ಹೊರಿಸುತ್ತಿದ್ದನಂತೆ. ಆ ಟಂಕಸಾಲೆ ಯುದ್ಧದ ಗಲಾಟೆಯಲ್ಲಿ ಮುಚ್ಚಿದಾಗ ಅಲ್ಲಿನ ಶಾನುಭೋಗರು ಒಂದು ಕಡತವನ್ನು ನಮ್ಮ ಖಾಲಿ ಇದ್ದಿಲು ಕುಕ್ಕೆಯಲ್ಲಿ ಬಚ್ಚಿಟ್ಟು ಕಳಿಸಿದರಂತೆ. ಮತ್ತೆ ಕೇಳಲು ಅವರು ಬರಲೇ ಇಲ್ಲ. ಕಡತವೆಂದರೆ ನಿಮ್ಮ ಮೇಜಿನ ಮೇಲಿನ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲಿನ ಪುಡಿ ಬಳಿದು ಒಣಗಿಸಿ, ಬೀಸಣಿಗೆಯ ಹಾಗೆ ಮಡಿಸಿ, ಬಳಪದಲ್ಲಿ ಬರೆಯುವ ಪುಸ್ತಕ. ನಮ್ಮದರಲ್ಲಿ ಹದಿನಾರು ಮಡಿಕೆ ಇದ್ದವು. ನಮ್ಮ ಮನೆಯಲ್ಲಿ ಅದಕ್ಕೆ ಆಯುಧಪೂಜೆಯ ದಿನ ಕುಂಕುಮ ಇಡುತ್ತಿದ್ದೆವು. ಓದಲು ಯಾರಿಗೂ ಬರುತ್ತಿರಲಿಲ್ಲ. ಓದಿದವಳು ನನ್ನ ಮಗಳು ಲಕ್ಷ್ಮಿದೇವಿ.

ಅವಳು ಜ್ಞಾನಭಾರತಿಯಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಳು. ಸಂಜೆ ಬಸ್ಸಿಳಿದು ಸೀದಾ ಡಿಪೋಗೆ ಬಂದು, ತಕ್ಕಡಿಯ ಪಕ್ಕದ ಬೆಂಚಿನ ಮೇಲೆ ಕಡತವನ್ನು ಒಂದು ಮಡಿಕೆಯಷ್ಟೇ ಬಿಡಿಸಿ ಕೂರುತ್ತಿದ್ದಳು. ಬೆರಳು ತಾಗಿಸುತ್ತಿರಲಿಲ್ಲ. ಉಸಿರು ಜೋರಾಗಿ ಬಿಟ್ಟರೂ ಅಕ್ಷರ ಹಾರಿಹೋಗುತ್ತದೆ ಅನ್ನುವವಳ ಹಾಗೆ ಬಾಯಿಗೆ ಸೆರಗು ಅಡ್ಡ ಹಿಡಿದು ಓದುತ್ತಿದ್ದಳು. ನನಗೆ ಮೂವತ್ತು ವರ್ಷದಿಂದ ದಿನಚರಿ ಬರೆಯುವ ಅಭ್ಯಾಸ. ಎಷ್ಟು ಗಾಡಿ ಸೌದೆ ಬಂತು, ಯಾರ ಮನೆಯಲ್ಲಿ ಮದುವೆ, ಮಳೆ ಬಂತೋ ಇಲ್ಲವೋ. ಆ ದಿನಗಳಲ್ಲಿ ಅವಳು ಓದಿ ಹೇಳಿದ್ದನ್ನೂ ಅದರಲ್ಲೇ ಬರೆದಿಟ್ಟೆ. ಅದು ಮುಂದೆ ಬೇಕಾಗುತ್ತದೆ ಎಂದು ತಿಳಿದು ಬರೆದದ್ದಲ್ಲ. ಮಗಳು ಮಾತಾಡುತ್ತಿದ್ದಳು, ಬರೆದುಕೊಂಡೆ, ಅಷ್ಟೆ.

ನಿಮ್ಮ ಕಾಗದದ ಪ್ರಕಾರ ಅವಳು ಖಾಲಿ ಬಟ್ಟೆ ನೋಡುತ್ತಾ ಇದನ್ನೆಲ್ಲ ಹೇಳಿರಬೇಕು. ಹಾಗಾದರೆ ಖಾಲಿ ಬಟ್ಟೆಯಲ್ಲಿ ಏನೇನಿತ್ತು ಎಂದು ಸ್ವಲ್ಪ ಕೇಳಿ. ಟಂಕಸಾಲೆ ಅರಮನೆಯ ಬೊಕ್ಕಸದ ದುಡ್ಡಿನಲ್ಲಿ ನಡೆಯುತ್ತಿರಲಿಲ್ಲ. ಚಿನ್ನ ತಂದು ಅಚ್ಚು ಹಾಕಿಸಿಕೊಳ್ಳುವ ವರ್ತಕರು ಹಣವೆಂಬ ನಾಣ್ಯ ನೂರಾದರೆ ಎರಡನ್ನು ಅಲ್ಲೇ ಬಿಟ್ಟುಹೋಗಬೇಕಿತ್ತು. ಅದರಲ್ಲಿ ಮೊದಲು ಇದ್ದಿಲು, ಚಿನ್ನ ಕರಗಿಸುವ ಮೂಸೆ, ಎಣ್ಣೆ. ಆಮೇಲೆ ಅಚ್ಚು ಕೊರೆಯುವವರ, ಸುತ್ತಿಗೆ ಹೊಡೆಯುವವರ ಸಂಬಳ. ಮಿಕ್ಕಿದರೆ ಅರಮನೆಗೆ. ‘ಬೆಂಕಿ ಮೊದಲು, ಹೊಟ್ಟೆ ಆಮೇಲೆ, ದೊರೆ ಕೊನೆಗೆ’ ಎಂದು ಮಗಳು ಅದನ್ನು ಚಿಕ್ಕದು ಮಾಡಿ ಹೇಳಿದ್ದು ನನ್ನ ದಿನಚರಿಯಲ್ಲಿ ೧೯೮೪ರ ಫೆಬ್ರುವರಿ ಹತ್ತೊಂಬತ್ತು, ಭಾನುವಾರದ ಪುಟದಲ್ಲಿದೆ.

ಅದೇ ಪುಟದಲ್ಲಿ ಇನ್ನೊಂದು ಸಂಗತಿಯೂ ಇದೆ. ‘ದೊಡ್ಡಹನುಮನ ಇದ್ದಿಲು ಹನ್ನೆರಡು ಕುಕ್ಕೆ, ಒದ್ದೆ. ತೂಕ ಹೆಚ್ಚಲೆಂದು ನೀರು ಚಿಮುಕಿಸಿರುವನು. ಮೂರು ಕುಕ್ಕೆ ತಳ್ಳಿ ಒಂಬತ್ತಕ್ಕೆ ಲೆಕ್ಕ.’ ಮಗಳು ಇದನ್ನು ಓದಿ ಬೆಂಚಿನ ಮೇಲೆ ಹೊರಳಾಡಿ ನಕ್ಕಳು.

“ಅಪ್ಪಾ, ಕುಂಕುಮ ಇಟ್ಟು ಪೂಜೆ ಮಾಡ್ತಿದ್ದು ಇದಕ್ಕಾ? ನಮ್ ತಾತ ಕಳ್ಳ ಅಂತ ಬರ್ದಿರೋದಕ್ಕಾ?” ಅಂದಳು.

“ಮೆಲ್ಲಗೆ ಮಾತಾಡೇ, ಗಿರಾಕಿ ಇದಾರೆ” ಅಂದೆ.

“ಇವತ್ತಿನ ಮೂಟೆ ಒಣಗಿದೆಯಾ ಇಲ್ವಾ, ಅದನ್ನ ಹೇಳಪ್ಪ ಮೊದ್ಲು.”

ಮಾನ್ಯರೇ, ಸುಳ್ಳು ಹುಟ್ಟಿಸುವವರು ತಮ್ಮ ಮುತ್ತಜ್ಜ ರಾಜನ ಪಕ್ಕ ಕೂತಿದ್ದ ಎಂದು ಹುಟ್ಟಿಸುತ್ತಾರೆ. ಒದ್ದೆ ಇದ್ದಿಲು ತೂಗಿಸಿ ಸಿಕ್ಕಿಬಿದ್ದ ಎಂದು ಯಾರಾದರೂ ಹುಟ್ಟಿಸುತ್ತಾರೆಯೇ?

೧೯೮೪ರ ಜೂನ್‌ನಲ್ಲಿ ಅವಳು ಕಡತವನ್ನು ನಿಮ್ಮ ಕಚೇರಿಗೆ ಒಪ್ಪಿಸಿದಳು. ಫೋಟೋ ತೆಗೆದು ನಕಲು ಮಾಡಿ ಆರು ತಿಂಗಳಲ್ಲಿ ವಾಪಸು ಕೊಡುವುದು ಎಂದು ಮಾತು. ನನಗೆ ಕೊಡಲು ಮನಸ್ಸಿರಲಿಲ್ಲ. ಡಿಪೋದ ಪಕ್ಕ ಬೆಂಕಿಗೆ ಹೆದರಬೇಕು, ಇಲಿಗೆ ಹೆದರಬೇಕು, ಸರ್ಕಾರದ ಮನೆಯಲ್ಲಿ ಕ್ಷೇಮವಾಗಿರುತ್ತದೆ ಎಂದು ಅವಳೇ ನನ್ನನ್ನು ಒಪ್ಪಿಸಿದಳು. ನಿಮ್ಮವರು ರಸೀದಿ ಕೊಟ್ಟರು: ‘ಕಪ್ಪು ಬಟ್ಟೆಯ ಮಡಿಕೆ, ಒಂದು.’ ಬರಹ ಇದೆ ಎಂದು ಸೇರಿಸಿ ಅಂತ ಮಗಳು ಕೇಳಿದ್ದಳಂತೆ. ಬರಹ ಇಲ್ಲದ್ದನ್ನು ನಾವು ಯಾಕಮ್ಮ ತಗೋತೀವಿ ಎಂದು ಗುಮಾಸ್ತರು ನಕ್ಕರಂತೆ. ಈಗ ಆ ರಸೀದಿಯೇ ನಿಮಗೆ ಸಾಕ್ಷಿ. ಬರಹದ ಮಾತೇ ಅದರಲ್ಲಿ ಇಲ್ಲವಲ್ಲ ಎಂದು ಬರೆದಿದ್ದೀರಿ. ಅದರಲ್ಲಿ ಬಟ್ಟೆಯ ಉದ್ದದ ಮಾತೂ ಇಲ್ಲ. ಹಾಗೆಂದು ಬಟ್ಟೆಗೆ ಉದ್ದವಿರಲಿಲ್ಲವೇ?

ಆರು ತಿಂಗಳು ಒಂದು ವರ್ಷವಾಯಿತು. ಫೋಟೋ ಫಿಲ್ಮಿಗೆ ಹಣ ಮಂಜೂರಾಗಿಲ್ಲ ಎಂದರು. ೧೯೮೫ರ ನವೆಂಬರ್‌ನಲ್ಲಿ ನನ್ನ ಮಗಳು ಕಾಮಾಲೆಯಿಂದ ತೀರಿಕೊಂಡಳು. ಹದಿನೆಂಟು ದಿನ ಮಲಗಿದ್ದಳು. ಆ ಹದಿನೆಂಟು ಪುಟ ನನ್ನ ದಿನಚರಿಯಲ್ಲಿ ಖಾಲಿ ಇವೆ. ನಿಜವಾದ ಖಾಲಿ ಹೇಗಿರುತ್ತದೆ ಎಂದು ನೋಡಬೇಕಾದರೆ ತಂದು ತೋರಿಸುತ್ತೇನೆ.

ಮಾರ್ಚ್‌ನಲ್ಲಿ ಕಡತ ಕೇಳಲು ಬಂದೆ. ಅರ್ಜಿದಾರರೇ ಖುದ್ದಾಗಿ ಬರಬೇಕು ಎಂದರು ನಿಮ್ಮ ಗುಮಾಸ್ತರು. ಅರ್ಜಿದಾರರು ತೀರಿಕೊಂಡಿದ್ದಾರೆ ಎಂದೆ.

“ಹಾಗಾದ್ರೆ ಅವರ ಕೈಲಿ ಒಂದು ಒಪ್ಪಿಗೆ ಪತ್ರ ಬರೆಸ್ಕೊಂಡು ಬನ್ನಿ.”

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಪೆನ್ನಿಗೆ ಕ್ಯಾಪು ಹಾಕಿ, ಎದ್ದು, ನನಗೆ ಕುರ್ಚಿ ಕೊಟ್ಟರು. ಅವರ ಮೇಲೆ ನನಗೆ ದೂರಿಲ್ಲ. ಬಾಯಿಗೆ ರೂಢಿಯಾದ ಮಾತು ತಾನೇ ಬಂದುಬಿಡುತ್ತದೆ. ಒಳಗೆ ಹೋಗಿ ಅವರು ಕಡತ ತಂದರು. ಮೇಜಿನ ಮೇಲೆ ಬಿಡಿಸಿದರು. ಹದಿನಾರು ಮಡಿಕೆಯೂ ಕಪ್ಪು. ಹೊಸ ಸ್ಲೇಟಿನ ಹಾಗೆ ಚೊಕ್ಕಟ. ಗುಮಾಸ್ತರ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು. ಕೈಗೆ ಕೊಡಿ ಎಂದರೆ, ವಿಚಾರಣೆ ಮುಗಿಯುವವರೆಗೆ ಕೊಡಲು ಬರುವುದಿಲ್ಲ ಎಂದರು.

ಆ ವಿಚಾರಣೆಯ ಫಲ ಮೇ ತಿಂಗಳ ಒಂದು ಸಂಜೆ ನನ್ನ ಡಿಪೋದ ಬಾಗಿಲಿಗೆ ಬಂತು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ನಿಮ್ಮ ಮೆಮೊ. ಹೆಗ್ಗನಹಳ್ಳಿಯಿಂದ ನಡೆದೇ ಬಂದಿದ್ದಳು. ಗುಮಾಸ್ತರು ರಿಜಿಸ್ಟರಿನಿಂದ ನನ್ನ ವಿಳಾಸ ಹೇಳಿದ್ದರಂತೆ. ಮೊದಲು ನನ್ನ ಕಾಲಿಗೆ ಬೀಳಲು ಬಂದಳು. ತಡೆದು ಬೆಂಚಿನ ಮೇಲೆ ಕೂರಿಸಿದೆ.

“ಅಣ್ಣ, ನಾನ್ ಓದ್ದೋಳಲ್ಲ” ಅಂದಳು. “ಸಂಕ್ರಾಂತಿ ಆದ್ ವಾರ, ತನಿಖೆಗೆ ದೊಡ್ಡೋರು ಬರ್ತಾರೆ, ಕಪಾಟಲ್ಲಿರೋದೆಲ್ಲಾ ಒಂದು ಚೂರು ಧೂಳಿಲ್ದಂಗೆ ಒರೆಸ್ಬೇಕು ಅಂದ್ರು ಸೂಪರಿಂಟೆಂಡೆಂಟ್ ಸಾರು. ಹೇಳ್ಬಿಟ್ಟು ಕಾಫಿಗೆ ಹೋದ್ರು. ಕರಿ ಬಟ್ಟೆ ಮೇಲೆ ಬೆಳ್ಳಗೆ ಇತ್ತು. ಯಾವ್ದೋ ಮಗು ಸ್ಲೇಟಲ್ಲಿ ಗೀಚ್ದಂಗೆ. ಧೂಳು ಅಂತ್ಲೇ ಅನ್ಕೊಂಡೆ ಕಣಣ್ಣ. ಒದ್ದೆ ಬಟ್ಟೆ ತಗಂಡು ಮಡಿಕೆ ಮಡಿಕೆನೂ ಒರೆಸ್ದೆ. ಮೂರು ಸಲ ಹಿಂಡಿದೀನಿ. ಬಕೆಟ್ ನೀರು ಹಾಲಿನಂಗೆ ಆಗೋಯ್ತು.”

ಒಂದು ಲೋಟ ನೀರು ತಂದು ಆಕೆಯ ಮುಂದಿಟ್ಟೆ.

“ಒಂದು ಮಾತಾದ್ರೂ ಬಯ್ಯಣ್ಣ” ಅಂದಳು.

ಬಯ್ಯಲು ಆಗಲಿಲ್ಲ. ನಾನು ಹೋಗಿ ಕಡತ ಕೇಳದಿದ್ದರೆ ಅದು ಕಪಾಟಿನಲ್ಲೇ ಇರುತ್ತಿತ್ತು, ಅಳಿಸಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ, ಆಕೆಯ ಕೂಲಿಯೂ ಉಳಿಯುತ್ತಿತ್ತು. ಆಕೆಯ ಕೆಲಸ ಕಳೆದದ್ದು ನನ್ನ ಅರ್ಜಿಯಿಂದ. ಆ ಭಾರ ನನ್ನ ಮೇಲಿದೆ. ಈ ಪತ್ರ ಬರೆಯುವುದಕ್ಕೆ ಅದೇ ಮೊದಲ ಕಾರಣ.

ಮಾನ್ಯರೇ, ಆ ಬಕೆಟ್ಟಿನ ನೀರು ಹಾಲಿನಂತಾಯಿತು ಎಂದು ಪಟಾಲಮ್ಮ, ಹಾಗೆ ಹೇಳುವುದರಿಂದ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಂತಾಗುತ್ತದೆ ಎಂದು ಗೊತ್ತಿದ್ದೂ ಹೇಳಿದಳು. ಬಟ್ಟೆ ಮೊದಲೇ ಖಾಲಿಯಿತ್ತು ಎಂದಿದ್ದರೆ ಆಕೆಗೂ ಅನುಕೂಲ, ನಿಮಗೂ ಅನುಕೂಲ. ಆಕೆ ಹೇಳಲಿಲ್ಲ. ನೀವು ಹೇಳಿದಿರಿ. ನನಗೆ ಕೊಡಬೇಕಾದ ಉತ್ತರದಲ್ಲಿ ಬರಹ ಇರಲಿಲ್ಲ, ಆಕೆಯನ್ನು ತೆಗೆಯಬೇಕಾದ ಮೆಮೊದಲ್ಲಿ ಬರಹ ಇತ್ತು. ಎಷ್ಟು ಬೇಕೋ ಅಷ್ಟು ಹೊತ್ತು ಇದ್ದು, ಬೇಡವಾದಾಗ ಇಲ್ಲವಾಗುವ ಇಂಥ ಬರಹವನ್ನು ಟಂಕಸಾಲೆಯ ಶಾನುಭೋಗರೂ ಕಂಡಿರಲಾರರು.

ಆ ಟಂಕಸಾಲೆಯ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ನಡುವೆ ಎರಡು ವರ್ಷ ಅದನ್ನು ಒಬ್ಬ ಸಾಹುಕಾರನಿಗೆ ಗುತ್ತಿಗೆ ಕೊಟ್ಟಿದ್ದರಂತೆ. ಅವನು ಖರ್ಚು ಉಳಿಸಲು ಇದ್ದಿಲು ಕಡಿಮೆ ಮಾಡಿದ, ಗುಡಿಸುವ ಹೆಂಗಸನ್ನು ಬಿಡಿಸಿದ, ಕಸವನ್ನು ಸಿಕ್ಕಸಿಕ್ಕವರ ಕೈಯಲ್ಲಿ ತಿಪ್ಪೆಗೆ ಹಾಕಿಸಿದ. ಆದರೆ ಟಂಕಸಾಲೆಯ ಕಸದಲ್ಲಿ ಚಿನ್ನದ ಪುಡಿ ಇರುತ್ತದೆ. ಅದನ್ನು ತೊಳೆದು ಮತ್ತೆ ಮೂಸೆಗೆ ಹಾಕಬೇಕು. ಎರಡು ವರ್ಷದಲ್ಲಿ ಟಂಕಸಾಲೆ ತಿಪ್ಪೆಯ ಪಾಲಾಯಿತು. ಅರಮನೆ ಗುತ್ತಿಗೆ ತಪ್ಪಿಸಿ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಆಗ ಮಾಡಿದ ಮೊದಲ ಕಟ್ಟಳೆ ಹನ್ನೊಂದನೇ ಮಡಿಕೆಯಲ್ಲಿತ್ತು. ಮಗಳು ಎರಡು ಸಲ ಓದಿದಳು, ನಾನು ಅಕ್ಷರ ಬಿಡದೆ ಬರೆದುಕೊಂಡೆ:

‘ಸಂಜೆ ಕಸ ಗುಡಿಸುವಾಗ್ಗೆ ಪಾರುಪತ್ಯಗಾರನು ದೀಪ ಹಿಡಿದು ಖುದ್ದು ನಿಂತಿರತಕ್ಕದ್ದು. ಕಸವು ಹೊರಕ್ಕೆ ಹೋದರೆ ಗುಡಿಸಿದವಳ ಹೆಸರು ಬರೆಯಕೂಡದು. ನಿಂತು ನೋಡಬೇಕಾದವನ ಹೆಸರು ಬರೆಯತಕ್ಕದ್ದು.’

ಪಾರುಪತ್ಯಗಾರನೆಂದರೆ ಇಡೀ ಟಂಕಸಾಲೆಯ ಮೇಲಿನವನು. ನಿಮ್ಮ ಕುರ್ಚಿಯಂಥದ್ದೇ ಕುರ್ಚಿ. ಅವನೇ ದೀಪ ಹಿಡಿಯಬೇಕಿತ್ತು. ಗುಡಿಸುವವಳಿಗೆ ಕಸವೂ ಚಿನ್ನವೂ ಒಂದೇ ಥರ ಕಾಣುತ್ತವೆ, ಬೇರೆ ಬೇರೆ ಎಂದು ಗೊತ್ತಿರುವವನು ಪಕ್ಕದಲ್ಲಿರಬೇಕು ಎಂದು ಆ ಕಾಲದವರಿಗೆ ತಿಳಿದಿತ್ತು. ಕತ್ತಿಯ ಕಾಲ, ಒಂದು ಹಣ ಕದ್ದರೆ ಕೈ ಹೋಗುತ್ತಿದ್ದ ಕಾಲ ಎನ್ನುತ್ತೇವೆ. ಆ ಕಾಲದಲ್ಲಿ ಪಟಾಲಮ್ಮನ ಕೆಲಸ ಉಳಿಯುತ್ತಿತ್ತು.

ನಾನು ಕೇಳುವುದು ಬಹಳವಿಲ್ಲ. ಪಟಾಲಮ್ಮನನ್ನು ವಾಪಸು ಕರೆಯಿರಿ. ಕಡತ ಬಂದಾಗ ಅದರಲ್ಲಿ ಬರಹವಿತ್ತು ಎಂದು ನಿಮ್ಮ ಲೆಟರ್‌ಹೆಡ್ಡಿನ ಮೇಲೆ ಒಂದು ಸಾಲು ಬರೆದು ಕೊಡಿ. ಆ ಸಾಲು ನನಗೆ ಯಾಕೆ ಬೇಕು ಎಂದರೆ, ನಮ್ಮ ಕಡತದ ಕೊನೆಯ ಮಡಿಕೆಯಲ್ಲಿ ಒಂದು ಮೂಲೆ ಖಾಲಿಯಿತ್ತು. ಒಪ್ಪಿಸುವ ಹಿಂದಿನ ದಿನ ನಾನು ಒತ್ತಾಯ ಮಾಡಿದ ಮೇಲೆ ಮಗಳು ಅಲ್ಲಿ ಬಳಪದಿಂದ ಚಿಕ್ಕದಾಗಿ ಬರೆದಳು. ‘ಓದಿದವಳು ಲಕ್ಷ್ಮಿದೇವಿ.’ ಹಳೆಯದನ್ನು ಮುಟ್ಟಬಾರದು ಕಣಪ್ಪ, ಪಾಪ ಬರುತ್ತೆ ಅಂದಳು. ನಾನೇ ಹಟ ಮಾಡಿದೆ. ನೀವು ಬರಹವೇ ಇರಲಿಲ್ಲ ಎಂದಾಗ ಟಂಕಸಾಲೆಯೊಂದೇ ಇಲ್ಲವಾಗುವುದಿಲ್ಲ.

ಮತ್ತೆ ಆ ಬಟ್ಟೆಯನ್ನು ನನಗೆ ಕೊಡಿ. ರದ್ದಿ ಎಂದೇ ಬರೆದು ಕೊಟ್ಟರೂ ಸರಿ. ಇದ್ದಿಲು ನನ್ನಲ್ಲಿದೆ, ಹುಣಸೆಬೀಜ ಅಂಗಡಿಯಲ್ಲಿ ಸಿಗುತ್ತದೆ. ಒಂದು ಪದರ ಹೊಸದಾಗಿ ಬಳಿದು, ದಿನಚರಿ ನೋಡಿಕೊಂಡು ಬರೆಯುತ್ತೇನೆ. ಮಗಳು ಹೇಳಿ ನಾನು ಬರೆದುಕೊಂಡದ್ದು ಒಂಬತ್ತು ಮಡಿಕೆಯಷ್ಟೇ. ಅವಳಿಗೆ ಪರೀಕ್ಷೆಯಿದ್ದ ದಿನ, ನನಗೆ ಗಿರಾಕಿ ಹೆಚ್ಚಿದ್ದ ದಿನ ತಪ್ಪಿಹೋದವು ಹಾಗೇ ಕಪ್ಪಾಗಿರಲಿ. ಒದ್ದೆ ಇದ್ದಿಲಿನ ಸಾಲನ್ನು ಬಿಡುವುದಿಲ್ಲ. ಕೊನೆಯ ಮಡಿಕೆಯ ಮೂಲೆಯಲ್ಲಿ ಅವಳ ಹೆಸರು ಇದ್ದಲ್ಲೇ ಇಡುತ್ತೇನೆ. ಅದರ ಕೆಳಗೆ ಇನ್ನೂ ಒಂದು ಸಾಲು ಹಿಡಿಸುತ್ತದೆ. ೧೯೮೬ನೇ ಇಸವಿ, ಒರೆಸುವಾಗ ನಿಂತು ನೋಡಬೇಕಾದವರು, ಎಂದು ಬರೆದು ಮುಂದಿನ ಜಾಗ ಬಿಟ್ಟಿರುತ್ತೇನೆ. ಹೆಸರು ನಾನು ಬರೆಯುವುದಿಲ್ಲ. ಡಿಪೋ ಭಾನುವಾರವೂ ತೆರೆದಿರುತ್ತದೆ, ಬಳಪ ನಾನೇ ಕೊಡುತ್ತೇನೆ.

ಇಂತಿ,
ಒದ್ದೆ ಇದ್ದಿಲು ತೂಗಿಸಿ ಸಿಕ್ಕಿಬಿದ್ದವನ ವಂಶದವನೂ, ತಮ್ಮ ಪ್ರಕಾರ ಖಾಲಿ ಬಟ್ಟೆಯೊಂದರ ವಾರಸುದಾರನೂ ಆದ
ಕೆಂಪಯ್ಯ
ಸೌದೆ, ಇದ್ದಿಲು ಡಿಪೋ, ಮಾಗಡಿ ರಸ್ತೆ, ಗೋವಿಂದರಾಜನಗರ
೧೫ ಜೂನ್ ೧೯೮೬