ದೊಡ್ಡ ಅಕ್ಷರದ ಲಗೇಜು ಚೀಟಿ

ಲಗೇಜು ಕೋಣೆ, ಬಸ್ ನಿಲ್ದಾಣ
ಸೋಮವಾರ, 11ನೇ ತಾರೀಖು, ಹನ್ನೊಂದೂವರೆಯ ಬಸ್ಸು ಹೋದ ಮೇಲೆ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ನನ್ನ ಯಜಮಾನರಿಗೆ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ನಿಮ್ಮ ಅಕ್ಕ ಮೂರು ಹೊತ್ತೂ ಬಿಸಿಬಿಸಿಯಾಗಿ ಬಡಿಸುತ್ತಿರುತ್ತಾರೆಂದು ಗೊತ್ತು, ಆದ್ದರಿಂದ ಊಟದ ವಿಷಯ ಕೇಳುವುದಿಲ್ಲ. ನಿದ್ದೆ ಬರುತ್ತಿದೆಯೇ? ನನಗೆ ಬರುತ್ತಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ, ನಂಬುವುದು ನಿಮಗೆ ಬಿಟ್ಟದ್ದು. ಫೋನ್ ಮಾಡಿದಾಗಲೆಲ್ಲ ನೀವು ವಾಕಿಂಗ್ ಹೋಗಿರುತ್ತೀರಂತೆ. ಮಂಡಿ ನೋವಿನ ಮನುಷ್ಯ ದಿನಕ್ಕೆ ಐದು ಸಲ ವಾಕಿಂಗ್ ಹೋಗುವುದನ್ನು ನಾನು ಕೇಳಿದ್ದು ಇದೇ ಮೊದಲು. ಅದಕ್ಕೇ ಈ ಪತ್ರ. ಎರಡು ಗಂಟೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತೇನೆ, ಅಷ್ಟರೊಳಗೆ ಮುಗಿಸಬೇಕು. ಅಕ್ಷರ ದಪ್ಪ ದಪ್ಪವಾಗಿ, ಪುಟಕ್ಕೆ ಹತ್ತೇ ಸಾಲು ಹಿಡಿದಿದೆ ಎಂದು ನಗಬೇಡಿ. ಕೈಗೆ ಸಿಕ್ಕಿದ್ದು ಪಾರ್ಸೆಲ್ ಮೇಲೆ ಬರೆಯುವ ಮಾರ್ಕರ್. ಇನ್ನೊಂದು ಮಾತು, ಇದನ್ನು ಅಕ್ಕನ ಕೈಲಿ ಓದಿಸಬೇಡಿ. ಬಾಗಿಲು ಹಾಕಿಕೊಂಡು ನೀವೇ ಓದಿ.

ಮೊದಲು ಮುಖ್ಯ ವಿಷಯ. ನಿನ್ನೆ ಮ್ಯಾನೇಜರ್ ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವರು ಕೂರಲಿಲ್ಲವೆಂದರೆ ಸುದ್ದಿ ಚೆನ್ನಾಗಿಲ್ಲವೆಂದು ನಿಮಗೇ ಗೊತ್ತಲ್ಲ. ಶನಿವಾರ ಹೆಡ್ ಆಫೀಸಿನವರು ಬಂದು ಹೊಸ ಪ್ರಿಂಟರ್ ನೋಡುತ್ತಾರಂತೆ. ಅವರೆದುರು ಯಾರು ಕೂತು ಚೀಟಿ ಮುದ್ರಿಸಿ ಪೆಟ್ಟಿಗೆಗೆ ಅಂಟಿಸುತ್ತಾರೋ ಅವರೇ ಈ ಕೋಣೆಯವರು. ನೀವು ಇರದಿದ್ದರೆ ಅಲ್ಲಿಂದಲೇ ಒಬ್ಬರನ್ನು ಕಳಿಸುತ್ತಾರೆ, ನಿಮ್ಮನ್ನು ಹಿಂದಿನ ಗೋದಾಮಿಗೆ ಹಾಕುತ್ತಾರೆ. ನಾನು ಕೂರುತ್ತೇನಲ್ಲ ಎಂದೆ. ನೀವು ರಜೆ ಹಾಕಿದಾಗಲೆಲ್ಲ ನಿಮ್ಮ ಕುರ್ಚಿ ಬೆಚ್ಚಗಿಡುವುದು ಬೇರೆ, ಇದು ಬೇರೆ ಎಂದರು. ಇಪ್ಪತ್ತಾರು ವರ್ಷ ಈ ಕಿಟಕಿಯಲ್ಲಿ ಕೂತವರು ನೀವು. ಊರಿಗೆ ಊರೇ ನಿಮ್ಮನ್ನು ಲಗೇಜಣ್ಣ ಎನ್ನುತ್ತದೆ. ಗೋದಾಮಿನ ಕತ್ತಲೆಯಲ್ಲಿ ನೀವು ಮೂಟೆ ಎಣಿಸುವುದನ್ನು ನನ್ನ ಕೈಲಿ ನೋಡಲಾಗದು. ಆ ಮಾತು ಕೇಳಿದಾಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಈ ಕೋಣೆ ಇರುವುದೇ ಹನ್ನೆರಡು ಹೆಜ್ಜೆ ಉದ್ದ, ಬೆಳಿಗ್ಗೆಯಿಂದ ಎಷ್ಟು ಸಲ ಅಳೆದೆನೋ.

ಆ ಪ್ರಿಂಟರ್ ಕಥೆ ಕೇಳಿ, ಸ್ವಲ್ಪವಾದರೂ ನಗುತ್ತೀರಿ. ನೀವು ಅದರ ಜೊತೆ ಬಂದ ಪುಸ್ತಕ ಎರಡು ಸಲ ಮಗುಚಿ ನೋಡಿ ಪೆಟ್ಟಿಗೆಗೆ ವಾಪಸು ಹಾಕಿ ಹೋದಿರಲ್ಲ, ಮರುದಿನವೇ ನಾನು ಅದನ್ನು ತೆಗೆದೆ. ನಮ್ಮ ರೇಡಿಯೋಗಿಂತ ಸಣ್ಣದು. ವೈರು ಸಿಕ್ಕಿಸಿದೆ, ಚೀಟಿ ಕಾಗದದ ಸುರುಳಿ ಕೂರಿಸಿದೆ, ಮುಚ್ಚಳ ಹಾಕಿದೆ, ಕಂಪ್ಯೂಟರಿನಲ್ಲಿ ಒತ್ತಿದೆ. ಬುರ್ರೆಂದು ಚೀಟಿ ಬಂತು. ಏನೂ ಇಲ್ಲ, ಖಾಲಿ. ಇನ್ನೊಂದು ಒತ್ತಿದೆ, ಅದೂ ಖಾಲಿ. ಇಂಕು ಮುಗಿದಿರಬೇಕೆಂದು ಇಂಕು ಹಾಕುವ ತೂತು ಹುಡುಕಿದೆ, ಹುಡುಕಿದೆ, ಅಡಿ ಮೇಲೆ ಮಾಡಿ ಹುಡುಕಿದೆ. ನಿಮ್ಮ ಸ್ಟಾಂಪ್ ಪ್ಯಾಡಿನ ಬಾಟಲಿ ಕೈಯಲ್ಲಿ ಹಿಡಿದು ಸಿದ್ಧವಾಗಿ ನಿಂತಿದ್ದೆ, ದೇವರ ದಯೆ, ಎಲ್ಲೂ ತೂತು ಸಿಗಲಿಲ್ಲ. ಕೊನೆಗೆ ಪೆಟ್ಟಿಗೆ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ರಿಪೇರಿಯವನು ಸಮಾಧಾನವಾಗಿ ಹೇಳಿದ, ಇದಕ್ಕೆ ಇಂಕೇ ಇಲ್ಲವಂತೆ. ಕಾಗದಕ್ಕೆ ಬಿಸಿ ತಾಗಿದ ಕಡೆ ಕಪ್ಪಾಗುತ್ತದಂತೆ. ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಬಿದ್ದ ಮಗ್ಗುಲು ಮೇಲೆ ಬರಬೇಕು ಎಂದ. ಗೀರಿದೆ. ಸುರುಳಿಯನ್ನು ತಿರುಗಾಮುರುಗಾ ಹಾಕಿದ್ದೆ.

ಸರಿಯಾಗಿ ಹಾಕಿದ ಮೇಲೆ ಅಚ್ಚು ಬಂತು, ಆದರೆ ನಂಬರಿನ ತಲೆ ಒಂದು ಚೀಟಿಯಲ್ಲಿ, ಕಾಲು ಇನ್ನೊಂದರಲ್ಲಿ. ಮತ್ತೆ ಫೋನ್. ಒಂದು ಚೀಟಿ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಅದಕ್ಕೆ ಕಲಿಸಬೇಕಂತೆ. ಗುಂಡಿ ಒತ್ತಿ ಹಿಡಿದುಕೊಂಡರೆ ನಾಲ್ಕು ಖಾಲಿ ಚೀಟಿ ಹೊರಗೆ ತಳ್ಳಿ, ಅಳತೆ ನೋಡಿಕೊಂಡು, ತಾನೇ ನಿಲ್ಲುತ್ತದೆ. ನಿಂತಿತು. ಆಮೇಲೆ ಬಿಸಿ ಹೆಚ್ಚಾಗಿ ಅಕ್ಷರವೆಲ್ಲ ಮಸಿಯಾಯಿತು, ಕಡಿಮೆ ಮಾಡಿದರೆ ಕಾಣಿಸಲೇ ಇಲ್ಲ. ನಡುವೆ ಎಲ್ಲೋ ಒಂದು ಕಡೆ ಒಪ್ಪಿಕೊಂಡಿತು. ನಿಮಗಿಂತ ಬೇಗ ಒಪ್ಪಿಕೊಂಡಿತು ಎಂದೇ ಹೇಳಬೇಕು.

ಈಗಷ್ಟೇ ಎದ್ದು ಹೋಗಿ ಒಬ್ಬರಿಗೆ ಎರಡು ಚೀಲ ಕೊಟ್ಟು ಬಂದೆ. ಎಲ್ಲಿದ್ದೆ? ಹ್ಞಾ, ಅಕ್ಷರ. ಅಕ್ಷರದ ಗಾತ್ರವನ್ನು ನಾವೇ ಇಡಬಹುದು. ನಾನು ಎಲ್ಲಕ್ಕಿಂತ ದೊಡ್ಡದು ಇಟ್ಟೆ. ಚೀಟಿಯ ಅರ್ಧಕ್ಕೆ ಒಂದೇ ನಂಬರು. ಟಿಕೆಟ್ ಕೌಂಟರಿನವಳು ನೋಡಿ, ಇದೇನು ಚೀಲಕ್ಕೆ ಅಂಟಿಸೋದಾ, ಅಂಗಡಿಗೆ ಬೋರ್ಡಾ ಎಂದು ನಕ್ಕಳು. ಮ್ಯಾನೇಜರ್ ಕೂಡ ಕೇಳಿದರು. ಪ್ರಯಾಣಿಕರಲ್ಲಿ ವಯಸ್ಸಾದವರು ಹೆಚ್ಚು ಸಾರ್ ಎಂದು ಬಾಯಿ ಮುಚ್ಚಿಸಿದೆ. ಇನ್ನೊಂದು ಸಂಗತಿ ನಿಮಗೆ ಖುಷಿಯಾಗುತ್ತದೆ. ನೀವು ರಟ್ಟಿನ ಚೀಟಿಯ ಬೆನ್ನಿಗೆ ಚೀಲದವರ ಗುರುತು ಬರೆಯುತ್ತಿದ್ದಿರಲ್ಲ, 'ಹಸಿರು ಟೋಪಿ, ಬಹಳ ಅವಸರ', 'ಕೆಮ್ಮುವ ಅಜ್ಜಿ, ಇಬ್ಬರು ಮೊಮ್ಮಕ್ಕಳು' ಎಂದು, ಅದಕ್ಕೂ ಒಂದು ಸಾಲು ಸೇರಿಸಿದ್ದೇನೆ. ಟೈಪ್ ಮಾಡಿದರೆ ಗುರುತೂ ಮುದ್ರಣವಾಗುತ್ತದೆ. ರಿಪೇರಿಯವನು ಇಂಥದ್ದನ್ನು ಯಾರೂ ಕೇಳಿರಲಿಲ್ಲ ಎಂದ. ಯಾರೂ ಏಕೆ ಕೇಳುತ್ತಾರೆ, ಅವರಿಗೆಲ್ಲ ನೀವು ಕಲಿಸಿಲ್ಲವಲ್ಲ.

ತೊಂದರೆ ಇಲ್ಲವೆಂದಲ್ಲ. ನಮ್ಮ ಹಮಾಲಿ 'ಆಮೇಲೆ', ಯಾವ ಕೆಲಸ ಹೇಳಿದರೂ ಆಮೇಲೆ ಎನ್ನುವವನು, ಬಿಸಿ ಚಹಾದ ಲೋಟವನ್ನು ತಂದು ಒಂದು ಪೆಟ್ಟಿಗೆಯ ಮೇಲೆ, ಸರಿಯಾಗಿ ಚೀಟಿಯ ಮೇಲೇ ಇಟ್ಟ. ಲೋಟ ಎತ್ತಿದರೆ ಚೀಟಿಯಲ್ಲಿ ದುಂಡಗೆ ಕಪ್ಪು ಮಚ್ಚೆ, ನಂಬರು ಅದರೊಳಗೆ ಮಾಯ. ಆ ಒಂದು ಕೆಲಸ ಮಾತ್ರ ಅವನು ಆಗಲೇ ಮಾಡಿಬಿಟ್ಟಿದ್ದ. ಅಂದಿನಿಂದ ಪ್ರತಿ ಚೀಲದ ತಳಕ್ಕೂ ನಿಮ್ಮ ಹಾಗೆ ಸೀಮೆಸುಣ್ಣದಲ್ಲಿ ನಂಬರು ಗೀಚುತ್ತೇನೆ. ಅದಕ್ಕೆ ನಾನು ನಿಮ್ಮನ್ನು ಎಷ್ಟು ಹಾಸ್ಯ ಮಾಡಿದ್ದೆ, ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಿ.

ಹಲ್ಲಿನ ಡಾಕ್ಟರ್ ವಿಷಯ ಎತ್ತಬಾರದೆಂದಿದ್ದೆ, ಎತ್ತದೆ ಪತ್ರ ಮುಂದೆ ಹೋಗುತ್ತಿಲ್ಲ. ಅವರ ಪೆಟ್ಟಿಗೆ 33. ಹೊಸದಾಗಿ ಮದುವೆಯಾದ ಹುಡುಗಿಯದು 38. ನೀವು 33ನ್ನು ಅವಳಿಗೆ ಕೊಟ್ಟಿರಿ, ಅವಳು ಗಂಡನ ಮನೆಯಲ್ಲಿ ಎಲ್ಲರೆದುರು ತೆರೆದರೆ ಒಳಗೆ ನಾಲ್ಕು ಜೊತೆ ಕಟ್ಟಿಸಿದ ಹಲ್ಲು. ಊರೆಲ್ಲ ನಕ್ಕಿತು, ಡಾಕ್ಟರ್ ಒಬ್ಬರೇ ನಗಲಿಲ್ಲ. ಅವರ ದೂರಿನಿಂದಲೇ ಈ ಪ್ರಿಂಟರ್ ಬಂತು. ನೀವು ಚೀಲ ಎತ್ತಿಕೊಂಡು ಹೊರಡುವಾಗ ಹೇಳಿದ ಮಾತು ಕಿವಿಯಲ್ಲೇ ಇದೆ. "ನನ್ನ ಕೈಬರಹ ಸರಿಯಿಲ್ಲ ಅಂತ ತಾನೇ ಯಂತ್ರ ತಂದಿದ್ದು? ಅದೇ ಕೂತ್ಕೊಳ್ಳಲಿ ಬಿಡು." ನಾನೂ ಸಿಟ್ಟಿನಲ್ಲಿ ಹೋಗಿ ಎಂದುಬಿಟ್ಟೆ. ಹೋಗಿ ಎಂದರೆ ನಿಜವಾಗಿ ಹೋಗುವುದೇ? ನಿಮ್ಮ ಕೈಬರಹದಲ್ಲಿ ತಪ್ಪಿಲ್ಲವೆಂದು ಮ್ಯಾನೇಜರ್ ಮುಖಕ್ಕೆ ಹಿಡಿಯಬೇಕೆಂದು ಮೊನ್ನೆ ಕೆಳಗಿನ ಡ್ರಾಯರಿನಿಂದ ಹಳೆಯ ಚೀಟಿಗಳ ಕಟ್ಟುಗಳನ್ನು ತೆಗೆದೆ. 33 ಸಿಕ್ಕಿತು, 38 ಸಿಕ್ಕಿತು. ಆದರೆ ಮ್ಯಾನೇಜರಿಗೆ ತೋರಿಸಲಿಲ್ಲ. ಯಾಕೆಂದು ಆಮೇಲೆ ಬರೆಯುತ್ತೇನೆ. ನೋಡಿ, ನನಗೂ ಆ ಹಮಾಲಿಯ ರೋಗ ಅಂಟಿತು. ಒಂದೂವರೆಯ ಬಸ್ಸು ಬಂತು, ಜನ ಕಿಟಕಿ ಬಡಿಯುತ್ತಿದ್ದಾರೆ.

ಬಂದೆ. ಹನ್ನೊಂದು ಪೆಟ್ಟಿಗೆ. ಇನ್ನು ಹೆಚ್ಚು ಬರೆಯಲು ಹೊತ್ತಿಲ್ಲ. ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಜಗಳಕ್ಕೂ ಜನವಿಲ್ಲ. ಮಗಳು ವಾರಕ್ಕೆರಡು ಸಲ ಫೋನ್ ಮಾಡಿ ಅಪ್ಪ ಎಲ್ಲಿ ಎನ್ನುತ್ತಾಳೆ, ನಾನೂ ವಾಕಿಂಗ್ ಎನ್ನುತ್ತೇನೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಸ್ವೆಟರ್ ಹಾಕಿಕೊಳ್ಳಿ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳಿ, ಅವಸರ ಮಾಡಬೇಡಿ.

ನಿಮ್ಮ ದಾರಿ ಕಾಯುತ್ತಾ, ಸಿಟ್ಟು ಇನ್ನೂ ಪೂರ್ತಿ ಇಳಿಯದ,
ನಿಮ್ಮವಳು

ತಾ.ಕ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಎರಡು ನಿಮಿಷ ಕೇಳಿಕೊಂಡಿದ್ದೇನೆ. ಆ 33, ಆ 38, ಎರಡನ್ನೂ ನೀವು ಮುತ್ತು ಪೋಣಿಸಿದ ಹಾಗೆ ಬರೆದಿದ್ದೀರಿ. ಬರೆದದ್ದರಲ್ಲಿ ತಪ್ಪಿಲ್ಲ, ನಿಮಗೆ ಓದಲು ಕಾಣಿಸಲಿಲ್ಲ. ಆ ಕಟ್ಟುಗಳನ್ನು ವರ್ಷದ ಪ್ರಕಾರ ಸಾಲಾಗಿ ಇಟ್ಟು ನೋಡಿದೆ. ಮೂರು ವರ್ಷದಿಂದ ನಿಮ್ಮ ಅಂಕಿ ದೊಡ್ಡದಾಗುತ್ತಲೇ ಬಂದಿದೆ, ಈ ವರ್ಷದ್ದು ಚೀಟಿಯ ಅಂಚು ಮುಟ್ಟಿದೆ. ಮೂರು ವರ್ಷ ಒಬ್ಬರೇ ಹೇಗೆ ಹೊತ್ತುಕೊಂಡಿದ್ದಿರಿ? ಮಾವನವರಿಗೆ ಕಣ್ಣು ಹೋದದ್ದು, ಕೊನೆಯ ದಿನಗಳಲ್ಲಿ ಅವರು ಕಿಟಕಿ ಕಡೆ ಮುಖ ಮಾಡಿ ಸುಮ್ಮನೆ ಕೂತಿರುತ್ತಿದ್ದದ್ದು ನನಗೂ ನೆನಪಿದೆ. ನಿಮಗೆ ಭಯವಾಗಿದೆ, ನನಗೂ ಆಗಿದೆ. ನಾನು ಯಾರಿಗೂ ಹೇಳಿಲ್ಲ. ಮಾರ್ಕರ್ ಬಿಟ್ಟು ಬೇರೆ ಪೆನ್ನು ಸಿಗಲಿಲ್ಲ ಎಂದದ್ದು ಸುಳ್ಳು. ಶುಕ್ರವಾರ ಹತ್ತು ಗಂಟೆಗೆ ಕಣ್ಣಿನ ಡಾಕ್ಟರ್ ಹತ್ತಿರ ಇಬ್ಬರ ಹೆಸರೂ ಬರೆಸಿದ್ದೇನೆ, ಮೊದಲು ನನ್ನದು. ಪತ್ರದ ಜೊತೆ ಪ್ರಿಂಟರಿನ ಒಂದು ಚೀಟಿ ಇದೆ, ನಿಮ್ಮ ಗುರುತು ಹಾಕಿ ಮುದ್ರಿಸಿದ್ದು. ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬೆಳಕಿಗೆ ಹಿಡಿದು ನೋಡಿ. ಓದಲು ಬಂದರೆ ಗುರುವಾರದ ಬಸ್ಸಿಗೆ ಬನ್ನಿ. ಬರದಿದ್ದರೂ ಗುರುವಾರದ ಬಸ್ಸಿಗೇ ಬನ್ನಿ, ನಾನು ಓದಿ ಹೇಳುತ್ತೇನೆ.