ಪೈಪು ಕೀಳದ ಮನೆ

ಗೋಥೆನ್‌ಬರ್ಗ್
೨೪ ಜೂನ್ ೨೦೦೬

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಜಾನಕಕ್ಕನಿಗೆ, ಮಧುವಿನ ನಮಸ್ಕಾರ.

ನೀವಿಬ್ಬರೂ ಮೈಸೂರು ತಲುಪಿದ್ದು ಅಮ್ಮನಿಂದ ತಿಳಿಯಿತು. ನಾನು ಫೋನ್ ಮಾಡಿದಾಗಲೆಲ್ಲ ಭಾವನೇ ಎತ್ತುತ್ತಾರೆ. ನೀನು ಸ್ನಾನಕ್ಕೆ ಹೋಗಿರುತ್ತೀಯ, ಇಲ್ಲವೇ ಪೂಜೆಗೆ ಕೂತಿರುತ್ತೀಯ. ಅಷ್ಟು ಹೊತ್ತು ಪೂಜೆ ಮಾಡುವವಳಲ್ಲ ನೀನು, ನನಗೆ ಗೊತ್ತಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ನ್ಯಾಯವೇ. ಒಡಹುಟ್ಟಿದವಳಿರುವ ಊರಿಗೆ ಬಂದು ಬಾಡಿಗೆ ಕೋಣೆಯಲ್ಲಿ ಇಳಿದವರು ನಮ್ಮಲ್ಲಿ ಯಾರೂ ಇಲ್ಲ. ಯುರೋಪ್ ಪ್ರವಾಸದ ಬೇರೆಲ್ಲ ಊರುಗಳಲ್ಲೂ ಅಗ್ಗದ, ಸ್ಟೇಷನ್ನಿಗೆ ಹತ್ತಿರದ ಜಾಗ ಹುಡುಕಿಕೊಡು ಎಂದು ಈ-ಮೇಲಿನಲ್ಲಿ ಕೇಳಿದ್ದ ನೀನು, ಊರುಗಳ ಪಟ್ಟಿಯಲ್ಲಿ ಗೋಥೆನ್‌ಬರ್ಗ್‌ನ ಮುಂದೆ ಮಾತ್ರ ‘ನಮ್ಮನೆ’ ಎಂದು ಬರೆದಿದ್ದೆ. ಅದನ್ನು ಓದಿಯೂ, ನಮ್ಮ ಕಟ್ಟಡದ ನೀರಿನ ಪೈಪುಗಳನ್ನೆಲ್ಲ ಕಿತ್ತು ಹಾಕಿದ್ದಾರೆ, ಸ್ನಾನಕ್ಕೂ ನೀರಿಲ್ಲ, ಸಂಕೇತ್ ಕೆಲಸದ ಮೇಲೆ ಓರೆಬ್ರೂಗೆ ಹೋಗಿದ್ದಾನೆ ಎಂದು ಉತ್ತರಿಸಿ, ನಿಮಗೊಂದು ಪ್ರವಾಸಿಗರ ಹಾಸ್ಟೆಲ್ ಗೊತ್ತುಮಾಡಿದೆ.

“ಮಧು ಹುಡುಕಿದ್ದು ಅಂದ್ರೆ ಕೇಳ್ಬೇಕಾ, ಬಾಗ್ಲಲ್ಲೇ ಟ್ರಾಮು!” ಎಂದು ಭಾವ ಹೊಗಳಿದರು. ಇಲ್ಲಿನ ಅಂಥ ಜಾಗಗಳಿಗೆ ಹಾಸಿಗೆಯ ಬಟ್ಟೆಯನ್ನು ನಾವೇ ಒಯ್ಯಬೇಕು, ಅದನ್ನು ಹೇಳಲು ಮರೆತೆ. ಪಾಪ, ಭಾವ ತಮ್ಮ ಜರಿ ಪಂಚೆ ಹಾಸಿಕೊಂಡು ಮಲಗಿದರು. ನೀನು ಮೇಲಿನ ಮಂಚಕ್ಕೆ ಹತ್ತುತ್ತ, “ರೈಲಲ್ಲೂ ನಂಗೆ ಲೋಯರ್ ಬರ್ತೇ ಕೊಡ್ಸೋರು ಇವ್ರು” ಎಂದಾಗ ಮೂವರೂ ನಕ್ಕೆವಲ್ಲ, ಆಗಲಾದರೂ ನಿಜ ಹೇಳಿಬಿಡಬೇಕಿತ್ತು.

ಹೊರಡುವಾಗ ಇಳಿದುಕೊಂಡವರೇ ಕೋಣೆ ಗುಡಿಸಿ ಒರೆಸಿ ಕೊಡಬೇಕೆಂಬುದು ಅಲ್ಲಿನ ನಿಯಮ. ನಾನು ಬರುವಷ್ಟರಲ್ಲಿ ನೀನು ಸೆರಗು ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದೆ. ಕೋಲು ಕಿತ್ತುಕೊಳ್ಳಲು ಹೋದರೆ ಬಿಡಲಿಲ್ಲ. “ನಿನ್ ಮನೆ ಆಗಿದ್ರೆ ದಿನಾ ಒರೆಸ್ತಿದ್ದೆ ಕಣೇ, ಬೇಜಾರೇ ಇರ್ಲಿಲ್ಲ” ಎಂದು ನೀನು ತಲೆ ಎತ್ತದೆ ಹೇಳಿದೆ. ನನ್ನ ಮನೆಯಲ್ಲಿ ಕೂರಿಸಿ ಕೊಡಬೇಕೆಂದು ತಂದಿದ್ದ ಸೀರೆ, ಅರಿಶಿನ ಕುಂಕುಮವನ್ನು ಕೊನೆಗೆ ಟ್ರಾಮ್ ಸ್ಟಾಪಿನ ಬೆಂಚಿನ ಮೇಲೆ ನನ್ನ ಮಡಿಲಿಗೆ ಹಾಕಿದೆ. ಕೆನ್ನೆಗೆ ಬಾರಿಸಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಅಕ್ಕ, ಆ ಪೈಪುಗಳನ್ನು ಯಾರೂ ಕಿತ್ತಿರಲಿಲ್ಲ. ಸಂಕೇತ್ ಎಲ್ಲಿಗೂ ಹೋಗಿರಲಿಲ್ಲ. ಚಳಿಗಾಲದಿಂದ ಗಂಡ ಹೆಂಡತಿ ನಾವಿಬ್ಬರೂ ಬೇರೆ ಬೇರೆ ಇದ್ದೇವೆ. ಆ ಫ್ಲಾಟಿನಲ್ಲಿ ಅವನು. ನಾನು ಯೂನಿವರ್ಸಿಟಿಯ ಹತ್ತಿರ ವಿದ್ಯಾರ್ಥಿಗಳ ಒಂಟಿ ಕೋಣೆಯಲ್ಲಿ, ಅಡುಗೆಮನೆ ಇಡೀ ಸಾಲಿಗೆ ಒಂದೇ. ಜಗಳ ಯಾಕೆ ಎಂದು ಕೇಳಿದರೆ ದೊಡ್ಡದೇನೂ ಇಲ್ಲ. ನನ್ನ ಪಿಎಚ್‌ಡಿ, ಅವನ ಆಫೀಸು, ಮಾತೇ ಇಲ್ಲದ ಊಟ. ಒಂದು ದಿನ ನಾನೇ ಸೂಟ್‌ಕೇಸ್ ತುಂಬಿಕೊಂಡು ಹೊರಟುಬಂದೆ. ಇಂಥ ಕೋಣೆಗೆ ನಿಮ್ಮನ್ನು ಹೇಗೆ ಕರೆಯಲಿ? ನನಗೆ ಬೇರೆ ದಾರಿ ಇರಲಿಲ್ಲ.

ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಆಗಸ್ಟಿನಲ್ಲಿ ಮೈಸೂರಿಗೆ ಬರುತ್ತೇನೆ, ಆದರೆ ನೇರವಾಗಿ ಅವಳೆದುರು ನಿಲ್ಲುವ ಧೈರ್ಯವಿಲ್ಲ. ಮೊದಲು ನಿನ್ನ ಮನೆಯಲ್ಲಿ ಇಳಿದುಕೊಳ್ಳಲೇ? ಒಂದೇ ಒಂದು ಸಲ ನೀನು ಫೋನ್ ಎತ್ತಿ ಹೂಂ ಅಂದರೆ ಸಾಕು.

ನಿನ್ನ ತಂಗಿ,
ಮಧುಶ್ರೀ

ತಾ.ಕ.: ಬೇರೆ ದಾರಿ ಇರಲಿಲ್ಲ ಎಂದು ಬರೆದದ್ದೂ ಸುಳ್ಳು. ನಿನ್ನ ಈ-ಮೇಲ್ ಸಂಕೇತನಿಗೂ ಹೋಗಿತ್ತು. ಅಂದೇ ಫೋನ್ ಮಾಡಿದ್ದ. “ಅಕ್ಕ ಭಾವ ಇಲ್ಲೇ ಇರ್ಲಿ ಮಧು, ನೀನೂ ಬಾ. ನಾನು ಅವ್ರ ಮುಂದೆ ಏನೂ ತೋರಿಸ್ಕೊಳಲ್ಲ” ಎಂದ. ನಿಮಗೆಂದು ಹೊಸ ಹಾಸಿಗೆಯನ್ನೂ ತಂದಿಟ್ಟಿದ್ದ. ಬೇಡವೆಂದವಳು ನಾನು. ನೀವು ಹೊರಟ ಮೇಲೆ ಆ ಮನೆಯಿಂದ ಇನ್ನೊಂದು ಸಲ ಹೊರಡಲು ನನ್ನಿಂದ ಆಗದಿದ್ದರೆ ಎಂದು ಹೆದರಿಬಿಟ್ಟೆ ಅಕ್ಕ.