ನೀವು ಮೂಸಿ ನೋಡಿ ಬೀಗ ಜಡಿದ ನಮ್ಮ ಗ್ಯಾಸ್ ಡ್ರಮ್ಮು

ಸುರಕ್ಷತಾ ವಿಭಾಗದ ಮುಖ್ಯಾಧಿಕಾರಿಗಳೇ,

ಕಾಪಾಡಿ ಎಂದು ಕೇಳಿಕೊಂಡ ತಪ್ಪಿಗೆ ನಮ್ಮ ಬೇಕರಿಯ ಅನಿಲ ಯಂತ್ರಕ್ಕೆ ಬೀಗ ಜಡಿದಿದ್ದೀರಿ. ಬಾಯಿ ಮುಚ್ಚಿಕೊಂಡಿದ್ದರೆ ಅದು ಇಂದಿಗೂ ಓಡುತ್ತಿತ್ತು. ನಾಗರಿಕರು ನಿಮ್ಮಿಂದ ಕಲಿಯಬೇಕಾದ ಪಾಠ ಇದೇ ಏನು?

ಬೇಕರಿ ನಡೆಸುವವರು ನಾನು ಮತ್ತು ನನ್ನಕ್ಕ. ಯಂತ್ರ ಕಟ್ಟಿದವರು ವೆಲ್ಡಿಂಗ್ ಕೆಲಸದ ಭಾವ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಪಕ್ಕದ ಬಡಗಿಯ ಮರದ ಚೂರುಗಳನ್ನು ಮುಚ್ಚಿದ ಡ್ರಮ್ಮಿನಲ್ಲಿ, ಗಾಳಿ ಕಡಿಮೆ ಬಿಟ್ಟು, ಅರೆಬರೆ ಸುಟ್ಟರೆ ಉರಿಯುವ ಅನಿಲ ಬರುತ್ತದೆ. ಅದರಿಂದಲೇ ನಮ್ಮ ಓವನ್ ಕಾಯುತ್ತಿತ್ತು. ಸೌದೆಯ ಹೊಗೆ ತಪ್ಪಿ ಅಕ್ಕನ ಕೆಮ್ಮು ತಗ್ಗಿತ್ತು.

ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದ ಅಕ್ಕ "ತಲೆ ಸುತ್ತುತ್ತೆ ಕಣೇ" ಎಂದವಳೇ ಕುಸಿದಳು. ಹೊರಗೆ ಎಳೆದು ತಂದೆವು. ಕೊಳವೆಯ ಜೋಡಣೆ ಸಡಿಲವಾಗಿ ಅನಿಲ ಒಳಗೆ ಸೋರಿತ್ತು. ಅದರಲ್ಲಿ ಬಣ್ಣ, ವಾಸನೆ ಇಲ್ಲದ ವಿಷವಿದೆ ಎಂದರು ವೈದ್ಯರು. ಅಕ್ಕ ಬದುಕಿದ್ದೇ ಪುಣ್ಯ. ಯಂತ್ರ ಆರಿಸಿ ನಿಮ್ಮ ಬಾಗಿಲಿಗೆ ಓಡಿ ಬಂದೆವು. ಎಲ್ಲಿಡಬೇಕು, ಅನಿಲ ಸೋರಿದರೆ ಕೂಗುವ ಎಂಥ ಎಚ್ಚರಿಕೆ ಗಂಟೆ ಹಾಕಬೇಕು, ತಿಳಿದವರೊಬ್ಬರು ಹೇಳಿಕೊಡಲಿ ಎಂಬುದಷ್ಟೇ ನಮ್ಮ ಕೋರಿಕೆ.

ಬಂದ ನಿಮ್ಮ ಪರಿಶೀಲಕರು ಆರಿದ ಡ್ರಮ್ಮಿಗೆ ಮೂಗು ಹಚ್ಚಿದರು. "ವಾಸನೇನೇ ಇಲ್ವಲ್ಲಮ್ಮ?"

"ಅದೇ ಅಲ್ವಾ ಸಾರ್ ಭಯ!" ಎಂದೆ.

"ಇದು ಒಲೆನೋ, ಗ್ಯಾಸೋ? ಒಲೆ ಆದ್ರೆ ನಮ್ಮ ವಿಭಾಗಕ್ಕೆ ಬರಲ್ಲ. ಗ್ಯಾಸಾದ್ರೆ ಸಿಲಿಂಡರ್ ಎಲ್ಲಿ?"

ಭಾವ ಒಂದು ಜೋಳದ ದಿಂಡನ್ನು ಅವರ ಕೈಗಿಟ್ಟರು. ಅವರಿಗೆ ನಗು ಬರಲಿಲ್ಲ. ಬೀಗ ಬಿತ್ತು.

ಸೋರುವ ಯಂತ್ರಕ್ಕೆ ಬೀಗ ಹಾಕಿದ್ದನ್ನು ತಪ್ಪೆನ್ನಲಾರೆ. ಆದರೆ ಆಮೇಲೆ? ಭಾವ ಹಿತ್ತಲಲ್ಲಿ ಗೋಡೆಯಿಲ್ಲದ ಚಪ್ಪರ ಹಾಕಿದರು, ಹೊಸ ಕೊಳವೆ ಬೆಸೆದರು, ಗಂಟೆಯನ್ನೂ ತಂದರು. ಬಂದು ನೋಡುವವರೇ ಇಲ್ಲ. ಇದು ಯಾವ ವಿಭಾಗಕ್ಕೆ ಸೇರುತ್ತದೆಂದು ಇನ್ನೂ ತೀರ್ಮಾನವಾಗಿಲ್ಲವಂತೆ! ಈಗ ಮತ್ತೆ ಸೌದೆ, ಮತ್ತೆ ಕೆಮ್ಮು. ಈ ದಾರಿಯಲ್ಲಿ ಹೋಗುತ್ತಿದ್ದ ನಿಮ್ಮವರು ಆ ಹೊಗೆಯಲ್ಲೇ ನಿಂತು ಬನ್ನು ತಿಂದು, ಚೆನ್ನಾಗಿದೆ ಎಂದು, ಹಿತ್ತಲಿನತ್ತ ತಿರುಗಿಯೂ ನೋಡದೆ ಹೋದರು. ಉಸಿರನ್ನು ಒಂದೇ ಸಲಕ್ಕೆ ನಿಲ್ಲಿಸುವುದು ಅಪಾಯ, ದಿನಕ್ಕಿಷ್ಟಿಷ್ಟೇ ನಿಲ್ಲಿಸುವುದು ಸುರಕ್ಷತೆಯೇ?

ನಿನ್ನೆ ಭಾವ ಬೇಸತ್ತು ಎಲ್ಲವನ್ನೂ ಗುಜರಿಗೆ ಹಾಕಲು ಹೊರಟರು. ಅಕ್ಕ ಅಡ್ಡ ನಿಂತಳು. "ಬಿದ್ದಿದ್ದು ನಾನು. ನಂಗಿಲ್ಲದ ಬೇಸರ ನಿಮಗ್ಯಾಕೆ? ಅವರು ಬಂದು ನೋಡೋವರೆಗೂ ಇದನ್ನ ಮುಟ್ಟಬೇಡಿ."

ಆದ್ದರಿಂದ ತಿಳಿದವರೊಬ್ಬರನ್ನು ಕಳುಹಿಸಿ. ಸರಿಯಿದ್ದರೆ ತೆರೆಯಲಿ, ತಪ್ಪಿದ್ದರೆ ತೋರಿಸಲಿ. ಅಂಥವರು ನಿಮ್ಮಲ್ಲಿ ಇಲ್ಲವೆಂದಾದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. ನಾವೇ ಹುಡುಕಿ ಕರೆಸುತ್ತೇವೆ. ಅವರು ಹೇಳಿಕೊಡುವಾಗ ನಿಮ್ಮ ಪರಿಶೀಲಕರಿಗೂ ಪಕ್ಕದಲ್ಲೊಂದು ಕುರ್ಚಿ ಹಾಕಿಸುತ್ತೇವೆ.

ಇಂತಿ,
ಬೇರೆ ದಾರಿಯಿಲ್ಲದೆ ಇನ್ನೂ ನಿಮ್ಮನ್ನೇ ನಂಬಿರುವ
ಬೇಕರಿಯ ತಂಗಿ